ಹಿಮೋಗ್ಲೋಬಿನ್ 12 ಬಂತು ಅಂತ ಕಬ್ಬಿಣದ ಮಾತ್ರೆ ಬಿಟ್ಟಿದ್ದೇ ನನ್ನ ತಪ್ಪು

ಹಿಮೋಗ್ಲೋಬಿನ್ 9.2, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 68. ಮಾತ್ರೆ ಬೇಡ, ಬೀಟ್‌ರೂಟ್, ರಾಗಿ ಸಾಕಾ ಅಂತ ಕೇಳಿದ್ದೀರಿ. ದಾವಣಗೆರೆ ಲ್ಯಾಬಿನಿಂದ ನಾನು ತಂದ ರಿಪೋರ್ಟೂ ಹೆಚ್ಚುಕಮ್ಮಿ ಹೀಗೇ ಇತ್ತು. ಎರಡು ತಿಂಗಳು ಮಾತ್ರೆ ತಗೊಂಡೆ, 12 ದಾಟಿತು, ಸುಸ್ತು ಹೋಯ್ತು, ನಿಲ್ಲಿಸಿದೆ. ಐದು ತಿಂಗಳಿಗೆ ಮತ್ತೆ 9.

ಒಳಗೆ ಬಂದ ಕಬ್ಬಿಣವನ್ನು ಎಲುಬಿನ ಮಜ್ಜೆ ಮೊದಲು ಹೊಸ ರಕ್ತಕಣಕ್ಕೆ ಬಳಸುತ್ತೆ. ಕಣಜಕ್ಕೆ, ಅಂದ್ರೆ ಮೈಯೊಳಗಿನ ಕಬ್ಬಿಣದ ದಾಸ್ತಾನಿಗೆ, ಬೀಳೋದು ಆಮೇಲೆ. ಹಿಮೋಗ್ಲೋಬಿನ್ 12 ಇದ್ದರೂ ಕಣಜ ಖಾಲಿ ಇರಬಹುದು. ಅದನ್ನು ಅಳೆಯೋದು ಫೆರಿಟಿನ್ ಅನ್ನೋ ರಕ್ತಪರೀಕ್ಷೆ, ನಾನು ಮಾಡಿಸಿಯೇ ಇರಲಿಲ್ಲ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು. ಕೆಂಪುಕಣದ ಆಯಸ್ಸು ಸುಮಾರು 120 ದಿನ, ಹಳೇ ಸಣ್ಣ ಕಣಗಳು ಹೋಗೋ ತನಕ ಎಂಸಿವಿ ಏರೋದೂ ನಿಧಾನವೇ. ಜೊತೆಗೆ ನನಗೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗ್ತಿತ್ತು. ಆ ತೂತು ಮುಚ್ಚದೆ ಕಣಜ ತುಂಬೋದಾದರೂ ಹೇಗೆ?

ಹಾಗಾಗಿ ಊಟವೋ ಮಾತ್ರೆಯೋ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಕಣ ಯಾಕೆ ಸಣ್ಣದಾಯ್ತು ಅಂತ ಕೇಳಿ. ಎಂಸಿವಿ 80ಕ್ಕಿಂತ ಕಡಿಮೆ ಅಂದ್ರೆ ಹೆಚ್ಚಾಗಿ ಕಬ್ಬಿಣದ ಕೊರತೆ, ಆದರೆ ಥಲಸ್ಸೇಮಿಯಾ ಟ್ರೇಟ್ (ಹಿಮೋಗ್ಲೋಬಿನ್ ತಯಾರಿಕೆಯಲ್ಲಿ ಹುಟ್ಟಿನಿಂದಲೇ ಬರೋ ಸಣ್ಣ ದೋಷ) ಇದ್ರೂ ಹೀಗೇ ಬರುತ್ತೆ. ಎಂಸಿವಿಯನ್ನು ರಿಪೋರ್ಟಿನ ಆರ್‌ಬಿಸಿ (ಕೆಂಪುಕಣದ) ಸಂಖ್ಯೆಯಿಂದ ಭಾಗಿಸಿ: ನಿಮ್ಮ ಎಂಸಿವಿ 68, ಆರ್‌ಬಿಸಿ 4.2, ಭಾಗಿಸಿದ್ರೆ ಸುಮಾರು 16. 13ಕ್ಕಿಂತ ಮೇಲಿದ್ರೆ ಕಬ್ಬಿಣದ ಕಡೆ ಅನುಮಾನ, ಕೆಳಗಿದ್ರೆ ಟ್ರೇಟ್ ಕಡೆ. ಇದು ಸುಳಿವು ಮಾತ್ರ. ಟ್ರೇಟ್ ಅನುಮಾನ ಇದ್ರೆ ಎಚ್‌ಬಿ ಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) ಪರೀಕ್ಷೆ ಬೇಕು, ಅದೂ ಕಬ್ಬಿಣ ತುಂಬಿಸಿಕೊಂಡ ಮೇಲೆ. ಕೊರತೆ ಇರುವಾಗ ಎ2 ಕಡಿಮೆ ತೋರಿಸಿ ಮೋಸ ಮಾಡಬಹುದು. ಗಂಡಸರಿಗೆ, ಮುಟ್ಟು ನಿಂತವರಿಗೆ ಕಬ್ಬಿಣ ಕಡಿಮೆಯಾದ್ರೆ ಹೊಟ್ಟೆ, ಕರುಳಲ್ಲಿ ರಕ್ತ ಸೋರ್ತಿದೆಯಾ ಅಂತ ನೋಡಿಸಲೇಬೇಕು.

ಬೀಟ್‌ರೂಟ್ ಬಣ್ಣ ನೋಡಿ ನಂಬಬೇಡಿ, ಅದರಲ್ಲಿ ಕಬ್ಬಿಣ ಕಡಿಮೆ. ಮುದ್ದೆ ಬಿಡಬೇಡಿ, ಆದರೆ 9.2ನ್ನು ಅದೊಂದೇ ಎತ್ತಲ್ಲ. ರಾಗಿಯಲ್ಲಿರೋ ಫೈಟೇಟ್ ಅನ್ನೋ ಅಂಶ ಕಬ್ಬಿಣ ಹೀರೋದನ್ನ ತಡೆಯುತ್ತೆ. ಸಂಜೆ ಮಂಡಕ್ಕಿ ಮಿರ್ಚಿ ಜೊತೆ ಚಾ ಕುಡಿಯೋ ಹೊತ್ತಿಗೆ ಮಾತ್ರೆ ನುಂಗಲೇಬೇಡಿ. ಊಟಕ್ಕೆ ಒಂದು ಗಂಟೆ ಮೊದಲು ನಿಂಬೆರಸದ ಜೊತೆ ತಗೊಳ್ಳಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಹೊಟ್ಟೆ ತೊಳಸಿದ್ರೆ ದಿನ ಬಿಟ್ಟು ದಿನ ಕೊಡಿ ಅಂತ ಡಾಕ್ಟರನ್ನು ಕೇಳಿ. ಮಲ ಕಪ್ಪಾಗೋದು ಸಹಜ.

ಮಾತ್ರೆ ಶುರು ಮಾಡೋ ಮುಂಚೆ ಫೆರಿಟಿನ್ ಮಾಡಿಸಿ. ಜ್ವರ, ಸೋಂಕು ಇರೋವಾಗ ಬೇಡ, ಅದು ಸುಳ್ಳೇ ಜಾಸ್ತಿ ತೋರಿಸುತ್ತೆ.