ಮೊದಲ ಹೆರಿಗೆಯಲ್ಲಿ ಆಳವಾಗಿ ಹರಿದಿದ್ದರೆ: ಕಾಸರಗೋಡಿನ ಗಡಿಯಿಂದ ಒಂದು ಉತ್ತರ

ಮದುವೆಯಾಗಿಯೋ ಕೆಲಸಕ್ಕೋ ನಮ್ಮ ಕಡೆಗೆ ಬಂದವರು ಮೊದಲು ಕೇಳುವುದು ಇದನ್ನೇ: ಹೆರಿಗೆಗೆ ಇಲ್ಲಿಯವರು ಎಲ್ಲಿಗೆ ಹೋಗುತ್ತಾರೆ? ಮಂಜೇಶ್ವರ, ಉಪ್ಪಳ, ಕುಂಬಳೆಯವರಲ್ಲಿ ಬಹಳ ಮಂದಿ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಕೆಲವರಿಗೆ ಸರ್ಕಾರಿ ಲೇಡಿಗೋಷನ್, ಕೆಲವರಿಗೆ ದೇರಳಕಟ್ಟೆ ಅಥವಾ ಕಂಕನಾಡಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳು. ಉಳಿದವರು ಕಾಸರಗೋಡಿನ ಜನರಲ್ ಆಸ್ಪತ್ರೆಗೆ, ಕಾಞಂಗಾಡಿಗೆ, ಇಲ್ಲವೇ ಊರಿನ ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ. ಸಾಮಾನ್ಯ ಹೆರಿಗೆಗೆ ಇವುಗಳಲ್ಲಿ ಯಾವುದಾದರೂ ಆದೀತು. ಆದರೆ ಮೊದಲ ಹೆರಿಗೆಯಲ್ಲಿ ಗುದದ್ವಾರದ ಸ್ನಾಯುವಿನವರೆಗೆ ಹರಿದಿದ್ದರೆ, ಎರಡನೇ ಹೆರಿಗೆಗೆ ಆಸ್ಪತ್ರೆಯ ಹೆಸರು ಆಮೇಲಿನ ಮಾತು. ಮೊದಲು ಬೇಕಾದದ್ದು ಹಳೆಯ ಹೆರಿಗೆಯ ಕಾಗದ, ಮತ್ತು ಆ ಸ್ನಾಯು ಈಗ ಹೇಗಿದೆ ಎಂಬ ತಪಾಸಣೆ.

ಕಾಗದದ ಮಾತು ಗಡಿನಾಡಿನಲ್ಲಿ ಯಾಕೆ ಇಷ್ಟು ದೊಡ್ಡದು ಎಂದರೆ, ಮೊದಲ ಹೆರಿಗೆ ತವರಿನಲ್ಲಿ ಆಗುವುದು ಇಲ್ಲಿಯ ರೂಢಿ. ಪೆರ್ಲ, ಮುಳ್ಳೇರಿಯದ ಸೊಸೆಯ ತವರು ಪುತ್ತೂರಿನಲ್ಲೋ ಸುಳ್ಯದಲ್ಲೋ ವಿಟ್ಲದಲ್ಲೋ ಇರುತ್ತದೆ. 1956ರಲ್ಲಿ ರಾಜ್ಯಗಳ ನಡುವೆ ಗಡಿಯ ಗೆರೆ ಎಳೆದರೂ ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ. ಹಾಗಾಗಿ ಮೊದಲ ಮಗು ಕರ್ನಾಟಕದ ದಾಖಲೆಯಲ್ಲಿ, ಎರಡನೆಯದು ಕೇರಳದ ದಾಖಲೆಯಲ್ಲಿ. ಅಲ್ಲಿಯ ತಾಯಿ ಕಾರ್ಡ್ ಇಲ್ಲಿಯ ಆರೋಗ್ಯ ಕೇಂದ್ರದ ನರ್ಸ್ ಕೈಗೆ ತಾನಾಗಿ ಬರುವುದಿಲ್ಲ. ಹೊಸ ಡಾಕ್ಟರಿಗೆ ಸಿಗುವ ಮಾಹಿತಿ ಬರೀ 'ನಾರ್ಮಲ್ ಡೆಲಿವರಿ, ಹೊಲಿಗೆ ಹಾಕಿದ್ದರು' ಎಂಬ ಒಂದು ಸಾಲು. ಆ ಸಾಲಿನಿಂದ ಏನೂ ತೀರ್ಮಾನಿಸಲಾಗದು, ಏಕೆಂದರೆ ನಮ್ಮಲ್ಲಿ ಚೊಚ್ಚಲ ಹೆರಿಗೆಯಾದ ಹೆಚ್ಚಿನವರಿಗೆ ಹೊಲಿಗೆ ಬಿದ್ದೇ ಇರುತ್ತದೆ.

ಹರಿದ ಗಾಯಕ್ಕೆ ನಾಲ್ಕು ದರ್ಜೆಗಳಿವೆ. ಚರ್ಮ ಮತ್ತು ಯೋನಿಯ ಒಳಪದರ ಮಾತ್ರ ಹರಿದರೆ ಒಂದನೆಯದು. ಯೋನಿ ಮತ್ತು ಗುದದ್ವಾರದ ನಡುವಿನ ಮಾಂಸವೂ ಹರಿದರೆ ಎರಡನೆಯದು. ಎಪಿಸಿಯೋಟಮಿ, ಅಂದರೆ ಕತ್ತರಿ ಹಾಕಿ ಮಾಡುವ ಗಾಯ, ಸಾಮಾನ್ಯವಾಗಿ ಇಷ್ಟು ಆಳದ್ದು. ಮಲವನ್ನೂ ಗಾಳಿಯನ್ನೂ ಹಿಡಿದಿಡುವ ಸ್ನಾಯುವಿಗೆ ಪೆಟ್ಟಾದರೆ ಮೂರನೆಯದು. ಇದರಲ್ಲಿ ಮತ್ತೆ ಮೂರು ಒಳಭಾಗಗಳು: ಹೊರಸ್ನಾಯುವಿನ ದಪ್ಪದಲ್ಲಿ ಅರ್ಧಕ್ಕಿಂತ ಕಡಿಮೆ ಹರಿದಿದ್ದರೆ 3ಎ, ಅರ್ಧಕ್ಕಿಂತ ಹೆಚ್ಚಾದರೆ 3ಬಿ, ಒಳಸ್ನಾಯುವೂ ಹರಿದಿದ್ದರೆ 3ಸಿ. ಗುದನಾಳದ ಒಳಪದರವೂ ತೆರೆದುಕೊಂಡರೆ ನಾಲ್ಕನೆಯದು. ಎರಡನೇ ಹೆರಿಗೆಯ ಬಗ್ಗೆ ಬೇರೆಯಾಗಿ ಯೋಚಿಸಬೇಕಾದದ್ದು ಮೂರು ಮತ್ತು ನಾಲ್ಕನೇ ದರ್ಜೆಯವರು.

ಮೊದಲ ಆಸ್ಪತ್ರೆಯಿಂದ ಡಿಸ್ಚಾರ್ಜ್ ಕಾರ್ಡಿನ ಜೊತೆಗೆ ಹೊಲಿಗೆ ಹಾಕಿದ ಆಪರೇಷನ್ ನೋಟ್ ಕೂಡ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ನೋಡಬೇಕಾದದ್ದು: ದರ್ಜೆ ಎಷ್ಟು, ಹೊಲಿಗೆ ಆಪರೇಷನ್ ಥಿಯೇಟರಿನಲ್ಲಿ ಸ್ಪೈನಲ್ ಅಥವಾ ಪೂರ್ತಿ ಅರಿವಳಿಕೆ ಕೊಟ್ಟು ಹಾಕಿದ್ದೋ ಲೇಬರ್ ರೂಮಿನಲ್ಲೇ ಹಾಕಿದ್ದೋ, ಒಳಸ್ನಾಯುವನ್ನು ಬೇರೆಯಾಗಿ ಹೊಲಿದಿದ್ದಾರೋ, ಮಗುವಿನ ತೂಕ ಎಷ್ಟು, ಮಗುವನ್ನು ಎಳೆಯಲು ಫೋರ್ಸೆಪ್ಸ್ (ಇಕ್ಕಳ) ಅಥವಾ ವ್ಯಾಕ್ಯೂಮ್ (ಹೀರಿ ಹಿಡಿಯುವ ಬಟ್ಟಲು) ಹಾಕಿದ್ದರೋ, ಮಗುವಿನ ಮುಖ ಮೇಲಾಗಿತ್ತೋ, ಭುಜ ಸಿಕ್ಕಿಕೊಂಡಿತ್ತೋ, ಮುಕ್ಕುವ ಹಂತ ಎಷ್ಟು ಹೊತ್ತು ನಡೆಯಿತು. ವೈದ್ಯರ ನಡವಳಿಕೆಯ 2002ರ ನಿಯಮಾವಳಿ ಪ್ರಕಾರ ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅದೇ ನಿಯಮದಲ್ಲಿ ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ 3 ವರ್ಷ. ಎರಡು ಮಕ್ಕಳ ನಡುವೆ ಅಷ್ಟು ಅಂತರ ಸುಲಭವಾಗಿ ಆಗುತ್ತದೆ. ಆದ್ದರಿಂದ ಗರ್ಭ ನಿಂತ ಮೇಲೆ ಹುಡುಕುವುದಲ್ಲ, ಇವತ್ತೇ ತವರಿಗೆ ಫೋನ್ ಮಾಡಿ ತರಿಸಿ. ಸಿಕ್ಕಿದ ಹಾಳೆಗಳ ಫೋಟೊ ಗಂಡನ ಮೊಬೈಲಿನಲ್ಲೂ ನಿಮ್ಮದರಲ್ಲೂ ಇರಲಿ.

ಇನ್ನು ತಪಾಸಣೆ. ಇಲ್ಲಿ ಭಾಷೆ ಅಡ್ಡ ಬರುತ್ತದೆ. ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಿಗೆ ಕೇರಳದ ದಕ್ಷಿಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಡಾಕ್ಟರು, ನರ್ಸುಗಳು ಇರುತ್ತಾರೆ. ಕನ್ನಡ, ತುಳು ಮಾತಾಡುವ ಹೆಂಗಸು ಜ್ವರ, ತಲೆನೋವನ್ನು ಹೇಗೋ ಮಲಯಾಳದಲ್ಲಿ ಹೇಳಿಯಾಳು; ಗಾಳಿ ತಡೆಯಲಾಗುತ್ತಿಲ್ಲ ಎಂಬುದನ್ನು ಅತ್ತೆಯ ಎದುರು, ಅರ್ಧ ಗೊತ್ತಿರುವ ಭಾಷೆಯಲ್ಲಿ ಹೇಳುವುದಿಲ್ಲ. 'ತೊಂದರೆ ಇದೆಯಾ' ಎಂದರೆ 'ಇಲ್ಲ' ಎಂದುಬಿಡುತ್ತಾಳೆ. ತಪ್ಪು ತೀರ್ಮಾನಗಳು ಹುಟ್ಟುವುದು ಈ 'ಇಲ್ಲ'ದಿಂದಲೇ. ಮನೆಯಲ್ಲಿ ಕುಳಿತು ಒಂದು ಚೀಟಿ ಬರೆದುಕೊಳ್ಳಿ: ಗಾಳಿ ಹಿಡಿದಿಡಲು ಆಗುತ್ತದೆಯೇ? ಮಲ ಬರುತ್ತದೆ ಎನಿಸಿದ ಮೇಲೆ ಐದು ನಿಮಿಷ ತಡೆಯಬಹುದೇ? ಒಳ ಉಡುಪಿಗೆ ಕಲೆಯಾಗುತ್ತದೆಯೇ? ಮಲ ತೆಳ್ಳಗಾದ ದಿನ ಮಾತ್ರ ಸೋರುತ್ತದೆಯೇ? ಗಂಡನ ಜೊತೆ ಕೂಡುವಾಗ ನೋವಿದೆಯೇ? ಯೋನಿಯ ಮೂಲಕ ಗಾಳಿ ಅಥವಾ ಮಲ ಬಂದದ್ದುಂಟೇ? ಹೌದು, ಇಲ್ಲ ಎಂದು ಗುರುತು ಹಾಕಿ ಕೈಗೆ ಕೊಟ್ಟರೆ ಸಾಕು, ಬಾಯಿಬಿಟ್ಟು ಹೇಳಬೇಕಾಗಿಲ್ಲ. ಭಾಷೆ ಗೊತ್ತಿರುವ, ನಿಮ್ಮ ಗುಟ್ಟು ಕಾಯುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅದು ಅತ್ತೆಯೇ ಆಗಬೇಕೆಂದಿಲ್ಲ.

ಕೊನೆಯ ಪ್ರಶ್ನೆಗೆ ಹೌದು ಎಂದಾದರೆ ಫಿಸ್ಟುಲಾ, ಅಂದರೆ ಯೋನಿಗೂ ಗುದನಾಳಕ್ಕೂ ನಡುವೆ ತೂತು, ಇರಬಹುದು. ಮುಂದಿನ ಗರ್ಭದ ಮಾತಿಗಿಂತ ಮೊದಲು ಅದು ಸರಿಯಾಗಬೇಕು.

ಬೆರಳಿನಿಂದ ಮಾಡುವ ಪರೀಕ್ಷೆ ಅಗತ್ಯವೇ, ಆದರೆ ಸಾಲದು. ಸ್ನಾಯುವಿನ ಬಿರುಕನ್ನು ಕಾಣಿಸುವುದು ಎಂಡೋಏನಲ್ ಅಲ್ಟ್ರಾಸೌಂಡ್. ಬಿಗಿ ಹಿಡಿಯುವ ಶಕ್ತಿಯನ್ನು ಅಳೆಯುವುದು ಮ್ಯಾನೊಮೆಟ್ರಿ. ಸಣ್ಣ ನಳಿಕೆಯನ್ನು ಗುದದ್ವಾರದೊಳಗೆ ಇಟ್ಟು ಕೆಲವು ನಿಮಿಷಗಳಲ್ಲಿ ಮಾಡುವ ಪರೀಕ್ಷೆಗಳು ಇವು. ಗರ್ಭಿಣಿಯರಿಗೂ ಮಾಡಬಹುದು. ಹೆಸರಾಂತ ಒಂದು ಪದ್ಧತಿಯ ಪ್ರಕಾರ, ಹೊರಸ್ನಾಯುವಿನ ಬಿರುಕು ಗಡಿಯಾರದ ಮುಖದಲ್ಲಿ ಒಂದು ಗಂಟೆಯ ಅಗಲ, ಅಂದರೆ 30 ಡಿಗ್ರಿ, ಮೀರಿದ್ದರೆ ಮತ್ತು ಬಿಗಿ ಹಿಡಿದಾಗ ಒತ್ತಡ 20 ಮಿಲಿಮೀಟರ್ ಪಾದರಸದಷ್ಟೂ ಏರದಿದ್ದರೆ ಸಿಸೇರಿಯನ್ ಕಡೆಗೆ ವಾಲುತ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ಈ ಯಂತ್ರಗಳನ್ನು ನಿರೀಕ್ಷಿಸಬೇಡಿ. ಮಂಗಳೂರು, ಮಣಿಪಾಲದ ಮೆಡಿಕಲ್ ಕಾಲೇಜುಗಳಲ್ಲಿ ವಿಚಾರಿಸುವಾಗ ಹೆರಿಗೆ ವಿಭಾಗದ ಜೊತೆಗೆ ಶಸ್ತ್ರಚಿಕಿತ್ಸೆ ಮತ್ತು ಕರುಳು ರೋಗದ ವಿಭಾಗಗಳಲ್ಲೂ ಫೋನ್ ಮಾಡಿ ಕೇಳಿ. ಯಂತ್ರ ಇದೆಯೇ, ಯಾವ ದಿನ ಮಾಡುತ್ತಾರೆ ಎಂದು ತಿಳಿದ ಮೇಲೆಯೇ ಬಸ್ಸು ಹತ್ತಿ.

ಈಗ ನಿಜವಾದ ಪ್ರಶ್ನೆ: ಸಹಜ ಹೆರಿಗೆಯೋ ಸಿಸೇರಿಯನ್ನೋ? 'ಒಮ್ಮೆ ಹರಿದರೆ ಮತ್ತೆ ಆಪರೇಷನ್ನೇ' ಎಂದು ನಮ್ಮೂರಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ 2015ರ ಮಾರ್ಗಸೂಚಿ ಕೊಡುವ ಲೆಕ್ಕದಲ್ಲಿ ಮುಂದಿನ ಸಹಜ ಹೆರಿಗೆಯಲ್ಲಿ ಮತ್ತೆ ಅಷ್ಟೇ ಆಳವಾಗಿ ಹರಿಯುವ ಸಾಧ್ಯತೆ ನೂರಕ್ಕೆ 5ರಿಂದ 7. ಎಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಆಗುವುದಿಲ್ಲ. ತೊಂದರೆ ಏನೂ ಇಲ್ಲದೆ, ತಪಾಸಣೆಯೂ ಚೆನ್ನಾಗಿದ್ದರೆ ಸಹಜ ಹೆರಿಗೆಗೆ ಧೈರ್ಯವಾಗಿ ಹೋಗಬಹುದು. ಸೋರಿಕೆ ಇದ್ದರೆ, ಅಥವಾ ಪರೀಕ್ಷೆಯಲ್ಲಿ ದೊಡ್ಡ ಬಿರುಕು ಕಂಡರೆ ಯೋಜಿತ ಸಿಸೇರಿಯನ್ನಿನ ಆಯ್ಕೆಯನ್ನು ಡಾಕ್ಟರು ನಿಮ್ಮ ಮುಂದಿಡಬೇಕು. ಫಿಸ್ಟುಲಾ ಮುಚ್ಚಿಸಿಕೊಂಡವರಿಗೆ, ಸ್ನಾಯುವಿಗೆ ಎರಡನೇ ಸಲ ಶಸ್ತ್ರಚಿಕಿತ್ಸೆ ಆದವರಿಗೆ ಸಾಮಾನ್ಯವಾಗಿ ಸಿಸೇರಿಯನ್ನೇ ಹೇಳುತ್ತಾರೆ. ಹೋದ ಸಲದ ಭಯ ಇನ್ನೂ ಕಾಡುತ್ತಿದ್ದರೆ ಅದೂ ಕಾರಣವೇ. ಡಾಕ್ಟರ ಮುಂದೆ ಹೇಳಿ, ನಾಚಿಕೆ ಬೇಡ.

ಸಿಸೇರಿಯನ್ನಿಗೂ ಬೆಲೆ ಇದೆ. ಗಾಯ ಆರಲು ಹೆಚ್ಚು ದಿನ ಬೇಕು. ಮುಂದಿನ ಗರ್ಭದಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಅಪಾಯ ಪ್ರತಿ ಸಿಸೇರಿಯನ್ನಿಗೂ ಏರುತ್ತದೆ. ಮೂರನೇ ಮಗು ಬೇಕೆಂದಿರುವವರು ಇದನ್ನು ತೂಗಿ ನೋಡಬೇಕು. ಈ ನಿರ್ಧಾರವನ್ನು 36 ವಾರದೊಳಗೆ ಮುಗಿಸಿ, ಹೊಸ ಕಾರ್ಡಿನ ಮೊದಲ ಪುಟದಲ್ಲೇ ಬರೆಸಿ. ನೋವು ಶುರುವಾದ ರಾತ್ರಿ, ನಿಮ್ಮನ್ನು ಕಂಡೇ ಇರದ ಡ್ಯೂಟಿ ಡಾಕ್ಟರಿಗೆ ಅದನ್ನು ವಿವರಿಸುವ ಪರಿಸ್ಥಿತಿ ಬರಬಾರದು.

ಸಹಜ ಹೆರಿಗೆ ಎಂದಾದರೆ ಯೋಜನೆಯಲ್ಲಿ ಇರಬೇಕಾದದ್ದು ಹೀಗೆ. ಮಗು ತೀರಾ ದೊಡ್ಡದಾಗದಂತೆ ಸಕ್ಕರೆ ನೋಡಿಕೊಳ್ಳುವುದು ಮೊದಲನೆಯದು. 4 ಕಿಲೋ ದಾಟಿದ ಮಗು ಹೀಗೆ ಹರಿಯಲು ಒಂದು ಮುಖ್ಯ ಕಾರಣ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ನೋಡುವ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೂ 24ರಿಂದ 28 ವಾರದೊಳಗೂ ಮಾಡಿಸಿ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪಥ್ಯ, ಔಷಧಿ ಬೇಕು. 34 ವಾರದ ನಂತರ ವಾರಕ್ಕೆ ಒಂದೆರಡು ಸಲ, ಐದರಿಂದ ಹತ್ತು ನಿಮಿಷ, ತೊಳೆದ ಹೆಬ್ಬೆರಳಿಗೆ ಶುದ್ಧ ತೆಂಗಿನೆಣ್ಣೆ ಹಚ್ಚಿ ಯೋನಿಯೊಳಗೆ ಮೂರು ನಾಲ್ಕು ಸೆಂಟಿಮೀಟರ್ ಇಟ್ಟು, ಕೆಳಕ್ಕೂ ಪಕ್ಕಕ್ಕೂ ಮೆಲ್ಲಗೆ ಒತ್ತಿ ಎಳೆಯಬಹುದು. ಇದರ ಲಾಭ ಚೊಚ್ಚಲಿನವರಲ್ಲಿ ಹೆಚ್ಚು ಸ್ಪಷ್ಟ. ಎರಡನೆಯವರಲ್ಲಿ ಆಮೇಲಿನ ನೋವು ಕಡಿಮೆಯಾಗಲು ಸಹಾಯ. ಸೋಂಕು ಇದ್ದರೆ, ನೀರು ಒಡೆದಿದ್ದರೆ, ಮಾಸು ಕೆಳಗಿದ್ದರೆ ಬೇಡ.

ಲೇಬರ್ ರೂಮಿನಲ್ಲಿ ಕೇಳಿಕೊಳ್ಳಬೇಕಾದ ಮಾತು ನಾಲ್ಕೈದು. ಮುಕ್ಕುವ ಹಂತದಲ್ಲಿ ಬೆಚ್ಚಗಿನ ನೀರಿನಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ಯೋನಿ ಮತ್ತು ಗುದದ್ವಾರದ ನಡುವಿನ ಜಾಗಕ್ಕೆ ಒತ್ತಿ ಹಿಡಿಯುವುದು. ಇಷ್ಟು ಅಗ್ಗದ, ಇಷ್ಟು ಖಚಿತವಾಗಿ ಉಪಯೋಗ ಕಂಡ ಉಪಾಯ ಇನ್ನೊಂದಿಲ್ಲ. ಎಲ್ಲ ಕಡೆಯೂ ಮಾಡುವುದಿಲ್ಲ ಎಂಬುದೇ ಬೇಸರ. ತಲೆ ಹೊರಬರುವಾಗ ಒಂದು ಕೈ ತಲೆಯ ವೇಗ ತಡೆಯಬೇಕು, ಇನ್ನೊಂದು ಕೆಳಗಿನ ಭಾಗಕ್ಕೆ ಆಧಾರ ಕೊಡಬೇಕು. ಆ ಹೊತ್ತಿಗೆ ನೀವು ಮುಕ್ಕುವುದನ್ನು ನಿಲ್ಲಿಸಿ ಬಾಯಲ್ಲಿ ಸಣ್ಣ ಸಣ್ಣ ಉಸಿರು ಬಿಡಬೇಕು. ಹೊಟ್ಟೆಯ ಮೇಲಿನಿಂದ ಒತ್ತಿ ಮಗುವನ್ನು ತಳ್ಳುವುದು ಬೇಡ; ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸಿನಲ್ಲಿ ಅದನ್ನು ಬೇಡವೆಂದಿದೆ, ಎಲ್ಲರಿಗೂ ಕತ್ತರಿ ಹಾಕುವ ರೂಢಿಯನ್ನೂ ಬೇಡವೆಂದಿದೆ. ಹಿಂದೆ ಹರಿದಿದೆ ಎಂಬ ಒಂದೇ ಕಾರಣಕ್ಕೆ ಕತ್ತರಿ ಬೇಕಿಲ್ಲ. ಹಾಕಲೇಬೇಕಾದರೆ ಮಧ್ಯದಿಂದ ಸುಮಾರು 60 ಡಿಗ್ರಿ ಓರೆಯಾಗಿ ಹಾಕಬೇಕು; ನೇರ ಕೆಳಕ್ಕೆ ಹಾಕಿದ ಗಾಯ ಮುಂದುವರಿದು ಸ್ನಾಯುವಿಗೇ ಹೋಗಬಹುದು. ಸಲಕರಣೆ ಅನಿವಾರ್ಯವಾದರೆ, ಎರಡೂ ಸಾಧ್ಯವಿರುವಲ್ಲಿ, ಫೋರ್ಸೆಪ್ಸಿಗಿಂತ ವ್ಯಾಕ್ಯೂಮಿನಲ್ಲಿ ಈ ಸ್ನಾಯುವಿಗೆ ಅಪಾಯ ಕಡಿಮೆ. ಹೆರಿಗೆಯಾದ ಕೂಡಲೇ, ಹೊಲಿಗೆ ಶುರುಮಾಡುವ ಮೊದಲು, ಗುದದ್ವಾರದಲ್ಲಿ ಬೆರಳಿಟ್ಟು ಸ್ನಾಯುವನ್ನು ನೋಡಲೇಬೇಕು. ನೋಡದೆ ಮೇಲಿನ ಚರ್ಮ ಹೊಲಿದರೆ ಒಳಗೆ ಹರಿದದ್ದು ಹಾಗೆಯೇ ಉಳಿಯುತ್ತದೆ.

ಹಾಗಾಗಿ ಆಸ್ಪತ್ರೆ ಆರಿಸುವಾಗ ಕೇಳಿ: ರಾತ್ರಿ ಎರಡು ಗಂಟೆಗೂ ಥಿಯೇಟರ್, ಅರಿವಳಿಕೆ ಡಾಕ್ಟರು, ಈ ಸ್ನಾಯು ಹೊಲಿದು ಗೊತ್ತಿರುವವರು ಇರುತ್ತಾರೆಯೇ? ಎರಡನೇ ಹೆರಿಗೆ ಮೊದಲಿನದಕ್ಕಿಂತ ಬೇಗ ಆಗುತ್ತದೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಮುಳ್ಳೇರಿಯ, ಅಡೂರಿನ ಒಳಗಿನವರಿಗೆ ಇನ್ನೂ ದೂರ. ಜೂನ್, ಜುಲೈ ಮಳೆಯಲ್ಲಿ ದಿನ ತುಂಬುವವರು ಒಂದು ವಾರ ಮೊದಲೇ ಮಂಗಳೂರಿನ ಹತ್ತಿರದ ನೆಂಟರ ಮನೆಗೆ ಹೋಗಿ ಇರುವುದು ಒಳ್ಳೆಯದು. ಈ ಕಡೆಯ ಒಂದು ಆಸ್ಪತ್ರೆಯಲ್ಲೂ ಹೆಸರು ಬರೆಸಿ, ಕಾಗದಗಳ ಒಂದು ಪ್ರತಿ ಕೊಟ್ಟಿಡಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಮಂಗಳೂರನ್ನೇ ನಂಬಿದ್ದ ರೋಗಿಗಳು ಏನು ಅನುಭವಿಸಿದರೆಂದು ಇಲ್ಲಿ ಯಾರೂ ಮರೆತಿಲ್ಲ. ಕೇರಳದ ಆರೋಗ್ಯ ವಿಮೆಯ ಕಾರ್ಡ್ ಆಚೆ ನಡೆಯುತ್ತದೆಯೇ ಎಂದು ಆ ಆಸ್ಪತ್ರೆಯ ಕೌಂಟರಿನಲ್ಲೇ ಮುಂಚೆ ಕೇಳಿ. ಮಗು ಎಲ್ಲಿ ಹುಟ್ಟುತ್ತದೋ ಜನನ ನೋಂದಣಿಯೂ ಅಲ್ಲೇ, 21 ದಿನದೊಳಗೆ.

ಬಾಣಂತನದ ಬಗ್ಗೆ ಮನೆಯ ಹಿರಿಯರೊಂದಿಗೆ ಮೊದಲೇ ಮಾತಾಡಿ. ಹಂಡೆಯ ಸುಡುನೀರನ್ನು ಸೊಂಟದ ಕೆಳಗೆ ರಭಸದಿಂದ ಎರಚುವುದು ಹೊಲಿಗೆಗೆ ಒಳ್ಳೆಯದಲ್ಲ. ಮೈಗೆ ಎಣ್ಣೆ ಹಚ್ಚಲಿ, ಬೆನ್ನಿಗೆ ಬಿಸಿನೀರು ಹಾಕಲಿ. ಗಾಯದ ಜಾಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒತ್ತಿ ಒರೆಸಿದರೆ ಸಾಕು. ನೀರು ಕಡಿಮೆ ಕುಡಿಸಿ, ತರಕಾರಿ ಬಿಡಿಸಿ, ಅನ್ನ ಕಾಳುಮೆಣಸಿನ ಸಾರಿನಲ್ಲೇ ಇಡುವ ಪಥ್ಯ ಇನ್ನೂ ಕೆಟ್ಟದ್ದು. ಮಲ ಗಟ್ಟಿಯಾದರೆ ಹೊಸ ಹೊಲಿಗೆ ಬಿಡಬಹುದು. ಕಬ್ಬಿಣದ ಮಾತ್ರೆ ಹೆರಿಗೆಯಾದ ಮೇಲೂ 180 ದಿನ ನುಂಗಬೇಕಾದ್ದರಿಂದ ಮಲಬದ್ಧತೆ ಮತ್ತೂ ಹೆಚ್ಚುತ್ತದೆ. ಮಾತ್ರೆ ನಿಲ್ಲಿಸಬೇಡಿ, ನೀರು ಹೆಚ್ಚಿಸಿ, ಬಸಳೆ, ಸೌತೆ, ಬಾಳೆಹಣ್ಣು ತಿನ್ನಿ. ಮತ್ತೆ ಸ್ನಾಯು ಹರಿದಿದ್ದರೆ ಆಸ್ಪತ್ರೆಯಲ್ಲಿ ಕೊಟ್ಟ ಆ್ಯಂಟಿಬಯೋಟಿಕ್ ಮತ್ತು ಮಲ ಸಡಿಲಿಸುವ ಔಷಧಿಯನ್ನು ಪೂರ್ತಿ ಮುಗಿಸಬೇಕು. ಗಾಳಿ ತಡೆಯುವಂತೆ ಸ್ನಾಯುವನ್ನು ಬಿಗಿದು ಬಿಡುವ ವ್ಯಾಯಾಮ ದಿನಕ್ಕೆ ಮೂರು ಸಲ, ಪ್ರತಿ ಸಲ ಕನಿಷ್ಠ ಎಂಟು ಬಾರಿ, ಮೂರು ತಿಂಗಳಾದರೂ ಮಾಡಿ. 6ರಿಂದ 12 ವಾರದೊಳಗೆ ತಪಾಸಣೆಗೆ ಹೋಗಿ. ಅದಕ್ಕೂ ಮೊದಲು ಜ್ವರ, ಕೀವು, ದುರ್ವಾಸನೆ, ಹೊಲಿಗೆ ಬಿಟ್ಟದ್ದು, ಯೋನಿಯಿಂದ ಗಾಳಿ ಅಥವಾ ಮಲ ಕಂಡರೆ ನಲವತ್ತು ದಿನ ಹೊಸ್ತಿಲು ದಾಟಬಾರದೆಂಬ ಶಾಸ್ತ್ರ ನೋಡದೆ ಅದೇ ದಿನ ಹೊರಡಿ.