ರೆಕಾರ್ಡ್ ಕಂಪನಿ ನಡೆಸುತ್ತಿದ್ದವರೊಬ್ಬರು ಜಮೈಕಾದ ಪ್ರಧಾನಿ ಆಗಿದ್ದರಂತೆ, ಯಾರವರು?

ಎಡ್ವರ್ಡ್ ಸೀಗಾ. ಹುಟ್ಟಿದ್ದು 1930ರಲ್ಲಿ, ಅಮೆರಿಕದ ಬೋಸ್ಟನ್‌ನಲ್ಲಿ. ಹಾರ್ವರ್ಡ್‌ನಲ್ಲಿ ಓದಿ ಬಂದು ಜಮೈಕಾದ ಜನಪದ ಹಾಡುಗಳನ್ನು ರೆಕಾರ್ಡ್ ಮಾಡತೊಡಗಿದರು. ಆ ಹುಚ್ಚೇ ವ್ಯಾಪಾರವಾಯಿತು. ಅವರ ಕಂಪನಿಯನ್ನು ಮುಂದೆ ಸಂಗೀತಗಾರ ಬೈರನ್ ಲೀ ಕೊಂಡರು.

1959ರಲ್ಲಿ ಮೇಲ್ಮನೆಗೆ ನೇಮಕವಾದರು. 1962ರಲ್ಲಿ ವೆಸ್ಟ್ ಕಿಂಗ್‌ಸ್ಟನ್ ಗೆದ್ದು ಮಂತ್ರಿಯಾದರು. 2005ರವರೆಗೂ ಆ ಕ್ಷೇತ್ರ ಕೈಬಿಡಲಿಲ್ಲ! ಅಲ್ಲಿನ ಕೊಳೆಗೇರಿ ಕೆಡವಿಸಿ ಟಿವೊಲಿ ಗಾರ್ಡನ್ಸ್ ಬಡಾವಣೆ ಕಟ್ಟಿಸಿದರು. ಆದರೆ ಮನೆ ಸಿಕ್ಕಿದ್ದು ಜಾಸ್ತಿ ಅವರ ಪಕ್ಷದವರಿಗೇ. ಆಮೇಲೆ ಅಲ್ಲಿ ಬಂದೂಕಿನ ಗ್ಯಾಂಗುಗಳು ಬೇರೂರಿದವು. ಸೀಗಾರನ್ನು ಬರೀ ಹೊಗಳಿ ಬರೆಯುವವರು ಇದನ್ನು ಸುಮ್ನೆ ದಾಟಿಬಿಡುತ್ತಾರೆ, ನನಗದು ಸರಿ ಕಾಣುವುದಿಲ್ಲ.

ರಾಜಕೀಯ ಹಿಂಸಾಚಾರದಲ್ಲಿ ನೂರಾರು ಜನ ಸತ್ತ 1980ರ ಚುನಾವಣೆಯಲ್ಲಿ ಗೆದ್ದು ಪ್ರಧಾನಿಯಾದರು, 1989ರಲ್ಲಿ ಸೋತರು. ತೀರಿಕೊಂಡಿದ್ದು 2019ರಲ್ಲಿ.