ನಾಲ್ಕು ಭುಜ ಇರುವಾಗ ರ್ಯಾಂಪ್ ಯಾಕೆ?

ಪತ್ರ: ಸಂಪಾದಕರೇ, ಸಭಾಭವನಗಳಿಗೂ ದೇವಸ್ಥಾನಗಳಿಗೂ ರ್ಯಾಂಪ್ ಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಹೆಂಡತಿಗೆ ಪಕ್ಷವಾತವಾಗಿ ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಮೊನ್ನೆ ಅಣ್ಣನ ಮಗನ ಮದುವೆಯಲ್ಲಿ ನಾಲ್ವರು ಹುಡುಗರು ಅವಳನ್ನು ಕುರ್ಚಿ ಸಮೇತ ಎತ್ತಿ ಮೆಟ್ಟಿಲು ಹತ್ತಿಸಿದರು. ಯಾರೂ ಕರೆದಿರಲಿಲ್ಲ, ತಾವಾಗಿಯೇ ಬಂದರು. ನನ್ನ ಕಣ್ಣು ತುಂಬಿತು. ಎತ್ತಲು ಜನವಿಲ್ಲದ ದೇಶಗಳಿಗೆ ರ್ಯಾಂಪ್ ಬೇಕು. ನಮಗೆ ಜನ ಇದ್ದಾರೆ. ಇರುವ ಪ್ರೀತಿಯ ಮೇಲೆ ಸಿಮೆಂಟ್ ಯಾಕೆ ಸುರಿಯಬೇಕು? ನಮ್ಮ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯಲ್ಲಿ ನಾನೂ ಇದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.
- ನಿವೃತ್ತ ಅಧ್ಯಾಪಕ, ಬದಿಯಡ್ಕ ಸಮೀಪ, ಕಾಸರಗೋಡು ಜಿಲ್ಲೆ, ಕೇರಳ

ಮಾಸ್ಟ್ರೇ, ನಿಮ್ಮ ನಾಲ್ಕು ಪುಟದ ಪತ್ರವನ್ನು ಇಷ್ಟಕ್ಕೆ ಇಳಿಸಿದ್ದೇನೆ, ಬೇಜಾರು ಮಾಡಬೇಡಿ. ಹಳೇ ಕಾಲದ ಮಾಸ್ಟ್ರ ಅಕ್ಷರ, ನಮ್ಮ ಡಿಟಿಪಿ ಹುಡುಗಿ ಒಂದು ಕಡೆಯೂ ತಡವರಿಸಲಿಲ್ಲ. ಇಂಥ ಪತ್ರ ಬಂದರೆ ನನಗೆ ಖುಷಿ. ವಾದ ಮಾಡಲು ಒಬ್ಬರು ಸಿಕ್ಕಿದರಲ್ಲ!

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ. ಆ ಹುಡುಗರು ಒಳ್ಳೆಯವರು. ನಮ್ಮ ಕಡೆಯ ಎಷ್ಟೋ ಮನೆಗಳು ತೋಟದ ತಳದಲ್ಲಿವೆ, ರಸ್ತೆ ಮೇಲೆ ಗುಡ್ಡೆಯಲ್ಲಿದೆ. ಮಧ್ಯೆ ಕೆಂಪುಕಲ್ಲಿನಲ್ಲಿ ಕಡಿದ ಮೆಟ್ಟಿಲು, ಒಂದು ಕಾಲುಸಂಕ. ರಾತ್ರಿ ಎದೆನೋವು ಬಂದರೆ ಜೀಪಿನವರೆಗೆ ತಲುಪಿಸುವುದು ಅಕ್ಕಪಕ್ಕದವರ ಹೆಗಲೇ. ಅಲ್ಲಿ ನಾನು ರ್ಯಾಂಪಿನ ಮಾತೆತ್ತಿದರೆ ನಗೆಪಾಟಲು. ಆಯ್ತಲ್ಲ?

ಈಗ ನನ್ನ ತಕರಾರು. ನಾಲ್ಕು ಪುಟದಲ್ಲಿ ಹುಡುಗರು ಬಂದದ್ದಿದೆ, ಬಂಧುಗಳು ಹೊಗಳಿದ್ದಿದೆ, ನಿಮ್ಮ ಕಣ್ಣು ತುಂಬಿದ್ದಿದೆ. ಕುರ್ಚಿಯಲ್ಲಿ ಕೂತಿದ್ದವರು ಏನಂದರು ಅಂತ ಒಂದು ಸಾಲೂ ಇಲ್ಲ. ನೀವು ಕೇಳಿದಿರಾ? ಅಮ್ಮನವರು ಬರೆಯುವುದಾದರೆ, ಅಥವಾ ಹೇಳಿ ಬರೆಸುವುದಾದರೆ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅವರಿಗೇ ಬಿಟ್ಟುಕೊಡುತ್ತೇನೆ. ನೀವು ತಿದ್ದಬಾರದು, ಅದೊಂದೇ ಷರತ್ತು.

ಯಾಕೆ ಕೇಳುತ್ತೇನೆ ಅಂದರೆ, ಹೀಗೆ ಎತ್ತಿಸಿಕೊಂಡೇ ಬಾಳುತ್ತಿರುವ ಹೆಂಗಸರೊಬ್ಬರು ನಮ್ಮ ನೆಂಟರಲ್ಲೇ ಇದ್ದಾರೆ. ಮದುವೆ, ಉಪನಯನ ಅಂದರೆ ಅವರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಸಭಾಭವನದ ಶೌಚಾಲಯಕ್ಕೆ ಮತ್ತೆ ಮೂರು ಮೆಟ್ಟಿಲು, ಒಳಗೆ ವೀಲ್‌ಚೇರ್ ತೂರದ ಬಾಗಿಲು. ಅಲ್ಲಿಗೂ ಹೊತ್ತುಕೊಂಡು ಹೋಗಿ ಅಂತ ಹುಡುಗರಿಗೆ ಹೇಳುವುದು ಹೇಗೆ? ಇನ್ನು ಎತ್ತುವಾಗ ಸೀರೆ ಸರಿಯುತ್ತದೆ. ಸರಿಮಾಡಿಕೊಳ್ಳಲು ಹೋದರೆ ಕುರ್ಚಿ ವಾಲುತ್ತದೆ, ಹಾಗಾಗಿ ಎರಡೂ ಕೈಯಲ್ಲಿ ಕುರ್ಚಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಾರಂತೆ. ಕೆಳಗಿನಿಂದ ಯಾರೋ ಒಬ್ಬ, "ಅತ್ತೆ ಭಾರೀ ತೂಕ ಇದ್ದಾರೆ ಮಾರಾಯ್ರೇ" ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅತ್ತೆಯೂ ನಗಲೇಬೇಕು, ಎತ್ತುತ್ತಿರುವವನು ಅವನೇ ಅಲ್ವಾ! ಊಟ ಯಾವಾಗಲೂ ಕೆಳಗಿನ ಹಾಲಿನಲ್ಲಿ. ಆದ್ದರಿಂದ ಅವರಿಗೆ ಮೇಲೆಯೇ ಎಲೆ ಹಾಕಿ ಬಡಿಸುತ್ತಾರೆ. ಪಂಕ್ತಿಯಲ್ಲಿ ಕೂತು ಹರಟುತ್ತಾ ಉಣ್ಣುವ ಸುಖ ಅವರಿಗಿಲ್ಲ. ಈಚೆಗೆ ಅವರು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಮನೆಯವರು, "ಅವರಿಗೆ ಆಸಕ್ತಿ ಇಲ್ಲ" ಅನ್ನುತ್ತಾರೆ.

ಮದುವೆಗೆ ಭುಜ ಸಿಗುತ್ತದೆ ಮಾಸ್ಟ್ರೇ. ಅಂದು ಎಲ್ಲರೂ ಪಂಚೆ ಉಟ್ಟು ಬಂದಿರುತ್ತಾರೆ, ಫೋಟೋದವರೂ ಇರುತ್ತಾರೆ. ಆದರೆ ಕಿಡ್ನಿ ಕೆಟ್ಟವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲಕ್ಕೂ ನಾಲ್ಕು ಗಂಟೆಯ ಹತ್ತಿರ ಮಲಗಬೇಕು. ಮುಗಿಸಿ ಎದ್ದಾಗ ಕಾಲಲ್ಲಿ ಕಸುವಿರುವುದಿಲ್ಲ. ಆ ಮೂರು ದಿನ, ಎಲ್ಲ ವಾರ, ಎಲ್ಲ ತಿಂಗಳು ಯಾರು ಬರುತ್ತಾರೆ? ಸಂಧಿವಾತದವರು ಬೆಳಗ್ಗೆ ಲೋಟ ಹಿಡಿಯಲಾರರು, ಮಧ್ಯಾಹ್ನಕ್ಕೆ ನಾಲ್ಕು ಹೆಜ್ಜೆ ನಡೆದಾರು. ಅವರನ್ನು ಯಾರೂ ಎತ್ತುವುದಿಲ್ಲ. "ನೋಡಿದರೆ ಚೆನ್ನಾಗೇ ಇದ್ದಾಳಲ್ಲ" ಅನ್ನುತ್ತಾರೆ. ಕಾಯಿಲೆ, ನೋಡುವವರ ಕಣ್ಣಿಗೆ ಒಪ್ಪಿಗೆಯಾದರೆ ಮಾತ್ರ ಭುಜ. ರ್ಯಾಂಪು ಯಾರಿಗೆ ಎಷ್ಟು ನೋವು ಅಂತ ಕೇಳುವುದಿಲ್ಲ, ಸುಮ್ನೆ ಬಿದ್ದಿರುತ್ತದೆ. ಅದರ ಈ ಗುಣವೇ ನನಗೆ ಇಷ್ಟ.

ಮತ್ತೆ, ಆ ನಾಲ್ವರು ಹುಡುಗರು ಈಗ ಎಲ್ಲಿದ್ದಾರೆ? ಇಬ್ಬರು ಗಲ್ಫ್, ಒಬ್ಬ ಬೆಂಗಳೂರು ಅಂತ ನೀವೇ ಬರೆದಿದ್ದೀರಿ. ಉಳಿದವನು ಒಬ್ಬ. ನಮ್ಮ ಊರುಗಳಲ್ಲಿ ಎಷ್ಟು ಮನೆಗಳಲ್ಲಿ ಇಬ್ಬರೇ ವಯಸ್ಸಾದವರು, ಒಂದು ನಾಯಿ, ಒಂದು ವಾಟ್ಸಾಪ್! ಮಗ ದುಬೈಯಿಂದ ವಿಡಿಯೋ ಕಾಲ್ ಮಾಡಿ ಅಮ್ಮನ ಕಾಲು ನೋಡುತ್ತಾನೆ. ಪ್ರೀತಿಗೇನೂ ಕೊರತೆಯಿಲ್ಲ. ಕೈ ತಲುಪುವುದಿಲ್ಲ, ಅಷ್ಟೇ.

ಎತ್ತುವ ಪ್ರೀತಿಗೆ ಎಷ್ಟು ಬೆಲೆ ಅಂತ ತಿಳಿಯಬೇಕಾದರೆ ನೀವು ದೂರ ಹೋಗಬೇಕಾಗಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ನಿಮ್ಮ ಬಗಲಲ್ಲೇ ಇವೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಆ ಕಾಲದಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳಿಗೆ ಈಗ ಮೂವತ್ತು, ನಲ್ವತ್ತು ವರ್ಷ. ಅವರನ್ನು ಈಗಲೂ ಎತ್ತಿ ಸ್ನಾನ ಮಾಡಿಸುವ ಅಮ್ಮಂದಿರಿಗೆ ಅರವತ್ತು ದಾಟಿದೆ. ಅವರ ಸೊಂಟದ ಕಥೆ ಯಾವ ಪಟ್ಟಿಯಲ್ಲೂ ಬರುವುದಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪ್ರತಿ ಸಂತ್ರಸ್ತರಿಗೂ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಅಂತ ಹೇಳಿತು. ಕೊಡಲಿಲ್ಲ ಅಂತ 2022ರಲ್ಲಿ ಅದೇ ಕೋರ್ಟು ಮತ್ತೆ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳದಲ್ಲಿ 'ಆಶ್ವಾಸಕಿರಣಂ' ಅಂತ ಒಂದು ಯೋಜನೆ ಇದೆ. ತಿಂಗಳಿಗೆ 600 ರೂಪಾಯಿ, ಅದೂ ಬಾಕಿ ಬೀಳದಿದ್ದರೆ. ದಿನಕ್ಕೆ 20 ರೂಪಾಯಿ. ಪೇಟೆಯಲ್ಲಿ ಒಂದು ಚಾ ಕುಡಿದು ಬಾಳೆಹಣ್ಣಿನ ಪಳಂಪೊರಿಗೆ ಕೈ ಹಾಕಿದರೆ ಮುಗಿಯಿತು. ಆ ಅಮ್ಮಂದಿರ ತ್ಯಾಗವನ್ನು ಭಾಷಣದಲ್ಲಿ ಹೊಗಳದ ರಾಜಕಾರಣಿಯನ್ನು ನಾನು ಕಂಡಿಲ್ಲ. ಪ್ರೀತಿ ಇದೆಯಲ್ಲ ಅಂತ ನೀವು ಹೇಳುವುದನ್ನೇ ಸರ್ಕಾರವೂ ಹೇಳುತ್ತಿದೆ, ಮಾಸ್ಟ್ರೇ. ಅದಕ್ಕೇ ನಿಮ್ಮ ಪತ್ರ ಓದಿ ಸ್ವಲ್ಪ ಸಿಟ್ಟು ಬಂತು.

ಇದು ಪಾಶ್ಚಾತ್ಯರ ಹುಚ್ಚು ಅಂದಿದ್ದೀರಿ. ಇಲ್ಲ, ನಮ್ಮದೇ ಸಂಸತ್ತಿನ ಕಾಯ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು, ನಿಯಮ ಬಂದ ದಿನದಿಂದ ಐದು ವರ್ಷ ಕೊಟ್ಟಿತ್ತು. ನಿಯಮ ಬಂದದ್ದು 2017ರಲ್ಲಿ. ಲೆಕ್ಕದ ಪಾಠ ಮಾಡಿದವರು ನೀವು, ಗಡುವು ಯಾವಾಗ ಮುಗಿಯಿತು ಹೇಳಿ. ರಾಜೀವ್ ರತೂರಿ ಎಂಬ ದೃಷ್ಟಿಹೀನರು ಇದೇ ವಿಷಯಕ್ಕೆ 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ರ್ಯಾಂಪಿನಂಥ ಸೌಲಭ್ಯಗಳ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಅಂತ ಕೋರ್ಟು ಹೇಳಿದ್ದು 2024ರ ನವೆಂಬರಿನಲ್ಲಿ. ಅಷ್ಟರೊಳಗೆ ನಮ್ಮಲ್ಲಿ ಎಷ್ಟು ಹೊಸ ಆಡಿಟೋರಿಯಂ ಎದ್ದವು! ಎಲ್ಲದಕ್ಕೂ ಎದುರಿಗೆ ಅಗಲವಾದ ಮೆಟ್ಟಿಲು, ಎರಡು ಕಡೆ ಆನೆ.

ನಮ್ಮ ಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಮೂರು ಚಕ್ರದ ಗಾಡಿಯಲ್ಲಿ ಲಾಟರಿ ಮಾರುವವರೊಬ್ಬರಿದ್ದಾರೆ. ಚಿಕ್ಕಂದಿನಲ್ಲಿ ಪೋಲಿಯೋ. ಕೇರಳದಲ್ಲಿ ಕಾಲಿಲ್ಲದವರಿಗೆ ನಾವು ತೋರಿಸಿದ ದಾರಿ ಅದೊಂದೇ ಅಂತ ಕಾಣುತ್ತದೆ. ಊರಿಗೆಲ್ಲ ಅದೃಷ್ಟ ಹಂಚುವ ಈ ಮನುಷ್ಯ ಬದುಕಿದ್ದೇನೆ ಅಂತ ತೋರಿಸುವ ಪಿಂಚಣಿಯ ಮಸ್ಟರಿಂಗಿಗೆ ಹೋಗಬೇಕಾದ ಕೇಂದ್ರ ಮಹಡಿಯ ಮೇಲಿದೆ. ಒಮ್ಮೆ ನಾನೇ ಕೇಳಿದೆ, ಯಾರನ್ನಾದರೂ ಕರೆಯಬಾರದೇ ಅಂತ. ಅವರು, "ಕರೆದರೆ ಬರ್ತಾರೆ ಸರ್. ಆಮೇಲೆ ಅವರು ಸಾಲಕ್ಕೆ ಟಿಕೆಟ್ ಕೇಳಿದರೆ ನಾನು ಇಲ್ಲ ಅನ್ನೋ ಹಾಗಿಲ್ಲ" ಅಂದರು.

ಮೆಟ್ಟಿಲು ಹತ್ತಿದರೂ ಮುಗಿಯಿತೇ? ಅರ್ಜಿ ಮಲಯಾಳದಲ್ಲಿ. ಭಾಷಾ ಅಲ್ಪಸಂಖ್ಯಾತರಾದ ನಾವು ಸರ್ಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಆದರೆ ವೈದ್ಯಕೀಯ ಶಿಬಿರದಲ್ಲಿ ಬದಿಯಲ್ಲಿ ನಿಂತು ನೋಡಿ. ಮಗುವಿಗೆ ಫಿಟ್ಸ್ ಎಷ್ಟು ಹೊತ್ತು ಇರುತ್ತದೆ ಅಂತ ಡಾಕ್ಟರು ಕೇಳುತ್ತಾರೆ. ತುಳು, ಕನ್ನಡ ಬಿಟ್ಟರೆ ಬೇರೆ ಬಾರದ ಅಜ್ಜಿ ಪಕ್ಕದವರ ಮುಖ ನೋಡುತ್ತಾರೆ. ಇಲ್ಲೂ ಯಾರದೋ ಭುಜವೇ ಬೇಕು. ಹಾಗಾಗಿ ನಮ್ಮವರು ಮಂಗಳೂರಿಗೆ ಓಡುತ್ತಾರೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆ ದಾರಿಯೂ ನಿಂತು ಪ್ರಾಣ ಬಿಟ್ಟವರಿದ್ದಾರೆ. ನಮ್ಮ ಜಿಲ್ಲೆಯದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ, ಎಂಬಿಬಿಎಸ್ ಪಾಠ ಶುರುವಾಗಲು 2025 ಬರಬೇಕಾಯಿತು. ಇದರ ಬಗ್ಗೆ ಬರೆದು ಬರೆದು ನಮ್ಮ ಪತ್ರಿಕೆಯ ಶಾಯಿ ಖರ್ಚಾಗಿದೆ. ಇವತ್ತಿಗೆ ಬಿಡುತ್ತೇನೆ.

ದೇವಸ್ಥಾನದ ಮಾತಿಗೆ ಬರೋಣ. ಚಕ್ರದಲ್ಲಿ ಹೊರಗಿನ ಕೊಳೆ ಒಳಗೆ ಬರುತ್ತದೆ ಅಂತ ನಿಮ್ಮ ಸಮಿತಿಯ ಹಿರಿಯರು ಹೇಳಿದರಂತೆ. ಒಳಗಿನ ಉಪಯೋಗಕ್ಕೇ ಒಂದು ವೀಲ್‌ಚೇರ್ ಇಟ್ಟರೆ ಆ ಮಾತು ಅಲ್ಲಿಗೇ ಮುಗಿಯುತ್ತದೆ. ಜಾತ್ರೆಗೆ ದೇವರೇ ಚಕ್ರದ ಮೇಲೆ ಹೊರಡುತ್ತಾನೆ ಅಂತಲೂ ನೆನಪಿಸಿ. ಉತ್ಸವದ ಬಲಿ ಹೊರಡುವಾಗ ದೇವರನ್ನು ಹೊತ್ತುಕೊಳ್ಳುತ್ತಾರಲ್ಲ ಅಂತ ನೀವು ಕೇಳಿದ್ದೀರಿ, ಚೆನ್ನಾಗಿದೆ. ಆದರೆ ದೇವರಿಗೆ ಬಚ್ಚಲಿಗೆ ಹೋಗುವ ಅವಸರ ಇಲ್ಲ.

ಜೀರ್ಣೋದ್ಧಾರ ಮುಗಿದು ನಡೆಯುವ ಬ್ರಹ್ಮಕಲಶಕ್ಕೆ ಮೊದಲು ಮಾಡಿನ ತಾಮ್ರಕ್ಕೂ ಅಂಗಳದ ಗ್ರಾನೈಟಿಗೂ ಹಣ ಎತ್ತುತ್ತೀರಿ. ಅದರ ಮುಂದೆ ರ್ಯಾಂಪಿನ ಖರ್ಚು ಏನೂ ಅಲ್ಲ. ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಿಮ್ಮ ಗೋಪುರದ ಜಗಲಿ ಒಂದೂವರೆ ಅಡಿಯಾದರೆ ಹದಿನೆಂಟು ಅಡಿ. ಜಾಗ ಇಲ್ಲ ಅಂತ ಕಡಿದಾಗಿ ಕಟ್ಟಿದರೆ ಅದು ಜಾರುಬಂಡೆ, ಆಗ ಮತ್ತೆ ನಾಲ್ವರು ಹುಡುಗರು ಬೇಕು. ಅಗಲ ನಾಲ್ಕು ಅಡಿ, ಎರಡೂ ಬದಿ ಕೈಹಿಡಿ. ನಯವಾದ ಟೈಲ್ಸ್ ಬೇಡವೇ ಬೇಡ, ನಮ್ಮ ಮಳೆಗಾಲದ ಪಾಚಿಗೆ ಒರಟು ಸಿಮೆಂಟೇ ಸರಿ. ಶೌಚಾಲಯದ ಬಾಗಿಲು ಮೂರು ಅಡಿ ಇರಲಿ.

ಇನ್ನೊಂದು. ಮುಂದಿನ ಸಲ ಸಭಾಭವನಕ್ಕೆ ಹೋದಾಗ ಅಡುಗೆಕೋಣೆಯ ಹಿಂದೆ ಒಮ್ಮೆ ಸುತ್ತು ಹಾಕಿ. ಅನ್ನದ ಹಂಡೆ, ಗ್ಯಾಸ್ ಸಿಲಿಂಡರ್ ಇಳಿಸಲು ಒಳ್ಳೆಯ ರ್ಯಾಂಪ್ ಎಷ್ಟೋ ಕಡೆ ಇರುತ್ತದೆ. ಹಂಡೆಯನ್ನು ದಿನಾ ಎತ್ತಿದರೆ ಸೊಂಟ ಹೋಗುತ್ತದೆ ಅಂತ ಅಡುಗೆ ಭಟ್ಟರು ಕಟ್ಟಿಸಿದ್ದು. ಆದ್ದರಿಂದ ನಿಮ್ಮ ದೇವಸ್ಥಾನದ ರ್ಯಾಂಪಿನ ವಿಷಯ ಎಸ್ಟಿಮೇಟ್ ಪಾಸಾಗುವ ಮೊದಲೇ ಎತ್ತಿ, ಮುಂಬಾಗಿಲಲ್ಲೇ ಆಗಬೇಕು ಅಂತ ನಿರ್ಣಯದಲ್ಲಿ ಬರೆಸಿ. ಆಮೇಲೆ ಹೇಳಿದರೆ ಅದನ್ನೂ ಹಂಡೆಯ ದಾರಿಗೇ ಸೇರಿಸಿಬಿಡುತ್ತಾರೆ.